ಕಾಗದ ನೋಡದೆ ಹೇಳಬೇಕಾದ ಹೆಸರುಗಳು

ಡೇಲ್ ಅಲ್ಲದೆ ಇನ್ನಾರು? ಆ ಮಾತು ಬಿದ್ದದ್ದು ಅವನೊಬ್ಬನ ಕಿವಿಗೆ. ಆದರೆ ಡೇಲ್ ಅಂಥ ಕೆಲಸ ಮಾಡಿಯಾನೇ... ಮಗಳನ್ನು ಕೊಟ್ಟ ಅಳಿಯ, ತಾನೇ ತಿದ್ದಿ ಬೆಳೆಸಿದ ಶಿಷ್ಯ... ಭಾನುವಾರದ ಮಧ್ಯಾಹ್ನ ಊಟದ ಮೇಜಿನ ತುದಿಯಲ್ಲಿ ಕುಳಿತ ರೇ ಡುಡೆಕ್, ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳುಗಳ ನಡುವೆ ಫೋರ್ಕನ್ನು ತಿರುಗಿಸುತ್ತ ಅದನ್ನೇ ಮಥಿಸುತ್ತಿದ್ದ. ಹೆಂಡತಿ ಮಾರ್ಲಿನ್ ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸವನ್ನು ಎಲ್ಲರ ತಟ್ಟೆಗೂ ಬಡಿಸಿ ಪಾತ್ರೆ ತೊಳೆಯಲು ಸಿಂಕಿನ ಕಡೆ ಹೋಗಿದ್ದಳು. ಎದುರಿಗೆ ಮಗಳು ಟೆರಿ, ಅವಳ ಪಕ್ಕದಲ್ಲಿ ಡೇಲ್. ಚರ್ಚಿನಿಂದ ನೇರವಾಗಿ ಬಂದಿದ್ದರಿಂದ ಅವನ ಟೈ ಇನ್ನೂ ಬಿಗಿಯಾಗಿಯೇ ಇತ್ತು.

ನಡೆದದ್ದು ಇಷ್ಟು. ಹಿಂದಿನ ತಿಂಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಕೊನೆಯ ಗಳಿಗೆ. ರೇ ಮೈದಾನದ ಅಂಚಿನಲ್ಲಿದ್ದ; ಅವನ ಸಹಾಯಕ ಕೋಚ್ ಡೇಲ್ ಎಂದಿನಂತೆ ಮೇಲಿನ ಗಾಜಿನ ಕೋಣೆಯಲ್ಲಿ ಕುಳಿತು ಆಟದ ವಿನ್ಯಾಸ ನೋಡುತ್ತಿದ್ದ. ಇಬ್ಬರ ನಡುವೆ ಕಿವಿಗೆ ಕಟ್ಟಿಕೊಂಡ ಯಂತ್ರದಲ್ಲಿ ಮಾತು. “ಎಡಕ್ಕೆ ನುಗ್ಗಿಸಿ, ಚೆಂಡು ಲೆನ್ನಿ ಕೈಗೆ” ಎಂದಿದ್ದ ರೇ. ಆ ಕಡೆ ಒಂದು ಕ್ಷಣ ಮೌನ. ಲೆನ್ನಿ ಈ ಕಾಲೇಜಿನ ಹುಡುಗನಲ್ಲ. ರೇ ವೃತ್ತಿಪರ ತಂಡದಲ್ಲಿ ಆಡುತ್ತಿದ್ದಾಗ ಅವನ ಬೆನ್ನ ಹಿಂದೆ ಓಡುತ್ತಿದ್ದವನು. ಅವನ ಶವಪೆಟ್ಟಿಗೆಗೆ ರೇ ತಾನೇ ಹೆಗಲು ಕೊಟ್ಟಿದ್ದ. “ಸರಿ ಕೋಚ್, ಟೈರೋನ್ ಕೈಗೆ” ಎಂದು ಈಗಿನ ಹುಡುಗನ ಹೆಸರನ್ನಷ್ಟೇ ಹೇಳಿ ಡೇಲ್ ಆಟವನ್ನು ದಡ ಮುಟ್ಟಿಸಿದ್ದ. ಗೆದ್ದರು. ಆ ಮೌನದ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ.

ಆದರೆ ಮೊನ್ನೆ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಫಿಂಚ್ ಕರೆಸಿ, ಬಾಗಿಲು ಹಾಕಿಕೊಂಡು ಹೇಳಿದ್ದ: “ರೇ, ಇದೇ ನಿಮ್ಮ ಕೊನೇ ಸೀಸನ್ ಅಂತ ಇಟ್ಕೊಳ್ಳೋಣ. ನಿವೃತ್ತಿ ಅಂತ ಗೌರವವಾಗಿ ಹೇಳ್ತೀವಿ, ತಂಡ ಡೇಲ್ ಕೈಗೆ ಹೋಗುತ್ತೆ. ಸತ್ತವನ ಹೆಸರಲ್ಲಿ ಆಟ ಹೇಳೋದು, ಗಡ್ಡ ಹೆರೀತಾ ಹುಡುಗರ ಹೆಸರು ಬಾಯಿಪಾಠ ಮಾಡೋದು... ಇದೆಲ್ಲ ಎಷ್ಟು ದಿನ ನಡೆಯುತ್ತೆ ಹೇಳಿ?” ಮೊದಲ ಮಾತಿಗೇ ರೇಯ ಮೈ ಉರಿದುಹೋಗಿತ್ತು. ಉಳಿದದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

“ಯಾಕಪ್ಪಾ ತಿಂತಾನೇ ಇಲ್ಲ?” ಎಂದಳು ಟೆರಿ.

“ನಿನ್ನ ಗಂಡ ತಿನ್ನಲಿ. ಅವನಿಗೆ ಈಗ ಹಸಿವು ಜಾಸ್ತಿ.”

ಡೇಲ್ ತಲೆ ಎತ್ತಿದ.

“ನನ್ನ ಕುರ್ಚಿ ಹೇಗಿದೆ ಡೇಲ್? ಕೂತು ನೋಡಿದ್ಯಾ? ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ, ಹುಷಾರು.”

“ಕೋಚ್...”

“ಲೆನ್ನಿ ಹೆಸರು ನಾನು ಹೇಳಿದ್ದು ನಿನ್ನೊಬ್ಬನ ಕಿವೀಲಿ. ಫಿಂಚನ ಕಿವಿಗೆ ಅದು ಹೇಗೆ ಹೋಯ್ತು?”

ಸಿಂಕಿನಲ್ಲಿ ನೀರು ಬೀಳುತ್ತಲೇ ಇತ್ತು. ಮಾರ್ಲಿನ್ ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಕೈಯಲ್ಲಿನ ತಟ್ಟೆ ನಲ್ಲಿಯ ಕೆಳಗೆ ಹಾಗೇ ನಿಂತುಬಿಟ್ಟಿತ್ತು. ಡೇಲ್ ಒಮ್ಮೆ ಆ ಬೆನ್ನನ್ನು ನೋಡಿದ, ಮತ್ತೆ ತನ್ನ ತಟ್ಟೆಯನ್ನು ನೋಡಿದ.

“ನಾನೇ ಹೇಳಿದೆ, ಕೋಚ್.”

“ಡೇಲ್, ಏನ್ ಹೇಳ್ತಾ ಇದ್ದೀಯ?” ಟೆರಿ ಗಂಡನ ತೋಳು ಹಿಡಿದಳು. “ಅಪ್ಪಾ, ಹೋದ ವರ್ಷ ಓಹಾಯೋದಿಂದ ಇವನಿಗೆ ದೊಡ್ಡ ಕೆಲಸ ಬಂದಿತ್ತು. ನಿಮ್ಮನ್ನ ಬಿಟ್ಟು ಹೋಗಲ್ಲ ಅಂತ ಕೂತವನು ಇವನು. ನಿಮಗೆ ಗೊತ್ತಾ?”

“ಈಗ ಗೊತ್ತಾಯ್ತು. ದೊಡ್ಡ ಮೀನು ಇಲ್ಲೇ ಇರೋವಾಗ ಓಹಾಯೋ ಯಾಕೆ?”

“ಟೆರಿ, ಸಾಕು. ಕೋಟ್ ತಗೋ,” ಎಂದ ಡೇಲ್ ಮೆಲ್ಲಗೆ.

“ಈ ವಾರದ ಪಂದ್ಯಕ್ಕೆ ಬಾ, ಅದು ನಿನ್ನ ನೌಕರಿ,” ಎಂದ ರೇ. “ಈ ಮೇಜಿಗೆ ಮತ್ತೆ ಬರಬೇಡ.”

ಟೆರಿ ಅಳುತ್ತ ಹೊರಟಳು. ಬಾಗಿಲ ಬಳಿ ಡೇಲ್ ಅತ್ತೆಯ ಭುಜವನ್ನು ಒಮ್ಮೆ ಮುಟ್ಟಿ ಹೋದ. ಅದೂ ರೇಗೆ ನಾಟಕದಂತೆ ಕಂಡಿತು.

ಕಾರು ದೂರಾದ ಮೇಲೆ ಮಾರ್ಲಿನ್ ಬಂದು ಎದುರು ಕುಳಿತಳು. ಒದ್ದೆ ಕೈಗಳನ್ನು ಒರೆಸಿಕೊಳ್ಳುವುದನ್ನೂ ಮರೆತಿದ್ದಳು. “ಲೆನ್ನಿ ಕೊನೆಗಾಲದಲ್ಲಿ ಡೊಲೊರೆಸ್‌ಳನ್ನೇ ನರ್ಸ್ ಅನ್ಕೊಂಡಿದ್ದ, ನೆನಪಿದೆಯಾ ರೇ? ಕಟ್ಕೊಂಡ ಹೆಂಡ್ತೀನೇ ‘ಮೇಡಂ, ನಮ್ಮನೆಯವರು ಯಾವಾಗ ಬರ್ತಾರೆ’ ಅಂತ ಕೇಳ್ತಿದ್ದ.”

“ಈಗ ಲೆನ್ನಿ ಮಾತು ಯಾಕೆ?”

“ಏನಿಲ್ಲ. ಸುಮ್ನೆ ನೆನಪಾಯ್ತು.”

ರೇಗೂ ನೆನಪಿತ್ತು. ಅವರು ಆಡುತ್ತಿದ್ದ ಕಾಲವೇ ಹಾಗೆ. ಎದುರಾಳಿಗಳ ಸಾಲಿಗೆ ತಲೆ ಕೊಟ್ಟು ಬೀಳುವುದು, ಕಣ್ಣು ಕತ್ತಲಿಟ್ಟರೆ ಎಚ್ಚರಿಸಲು ಯಾರೋ ಮೂಗಿಗೆ ಅಮೋನಿಯಾ ಹಿಡಿಯುವುದು, ಎದ್ದು ಮತ್ತೆ ಸಾಲಿಗೆ ಹೋಗುವುದು. ಅದನ್ನು ಹೇಳಿಕೊಂಡು ನಗುತ್ತಿದ್ದರು. ಆ ಏಟುಗಳೇ ಮುಂದೆ ನೆನಪನ್ನು ತಿನ್ನುತ್ತವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಂಡಿ ಕೈಕೊಟ್ಟು ಆಟ ಮುಗಿದಾಗ ಬದುಕೇ ಮುಗಿಯಿತೆಂದು ಮಲಗಿದ್ದವನನ್ನು ಎಬ್ಬಿಸಿ, ಉಕ್ಕಿನ ಕಾರ್ಖಾನೆ ಮುಚ್ಚಿದ ಈ ಪೆನ್ಸಿಲ್ವೇನಿಯದ ಊರಿಗೆ, ಯಾರಿಗೂ ಬೇಡವಾದ ಈ ಸಣ್ಣ ಕಾಲೇಜಿಗೆ ಕೋಚ್ ಆಗಿ ಕರೆತಂದವಳು ಮಾರ್ಲಿನ್. ಪ್ರತಿ ಗುರುವಾರ ತಂಡದ ಹುಡುಗರಿಗೆಲ್ಲ ಈ ಮನೆಯಲ್ಲೇ ಊಟ. ಬಾಗಿಲಲ್ಲಿ ನಿಂತು ಅವಳು ಒಬ್ಬೊಬ್ಬನನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು: “ಬಾರೋ ಕ್ಲಿಂಟ್, ಬೂಟು ಆಚೆ ಬಿಡು. ಮಾರ್ವಿನ್, ನಿಮ್ಮಮ್ಮನ ಕಾಲುನೋವು ಹೇಗಿದೆ?” ಇತ್ತೀಚೆಗೆ ಆ ಧ್ವನಿ ಬೀದಿಗೆ ಕೇಳುವಷ್ಟು ಏರಿತ್ತು. ವಯಸ್ಸಾಯಿತು, ಕಿವಿ ಮಂದವಾಗಿದೆ ಪಾಪ ಎಂದುಕೊಂಡಿದ್ದ ರೇ.

ಶನಿವಾರ ಬಂತು. ತವರಿನ ಮೈದಾನದಲ್ಲಿ ವರ್ಷದ ಕೊನೆಯ ಪಂದ್ಯ. ಓದು ಮುಗಿಸಿ ಹೋಗುವ ಹುಡುಗರನ್ನು ಬೀಳ್ಕೊಡುವ ದಿನ. ಒಬ್ಬೊಬ್ಬ ಹುಡುಗನೂ ತಂದೆತಾಯಿಯ ಕೈ ಹಿಡಿದು ಮೈದಾನದ ನಡುವಿಗೆ ಬರುತ್ತಾನೆ. ಬೇರೆ ಕಾಲೇಜುಗಳಲ್ಲಿ ಹೆಸರು ಕೂಗುವವನು ಧ್ವನಿವರ್ಧಕದವನು. ಇಲ್ಲಿ ಕೋಚ್ ತಾನೇ ಹೇಳಬೇಕು, ಹುಡುಗನ ಹೆಸರು, ತಾಯಿಯ ಹೆಸರು, ಕಾಗದ ನೋಡದೆ. ಆ ಪದ್ಧತಿ ಹಾಕಿದವನು ರೇ ಡುಡೆಕನೇ. “ನಾಕು ವರ್ಷ ನನಗಾಗಿ ಮೈ ಮುರ್ಕೊಂಡ ಹುಡುಗನ ಹೆಸರು ಚೀಟಿ ನೋಡಿ ಓದೋನು ಕೋಚೇ ಅಲ್ಲ” ಎಂದು ಆಗ ಎದೆ ತಟ್ಟಿ ಹೇಳಿದ್ದ. ಹುಡುಗರ ಅಂಗಿಯ ಬೆನ್ನ ಮೇಲೆ ಬರೀ ಸಂಖ್ಯೆ, ಹೆಸರಿಲ್ಲ. ಅದೂ ಅವನದೇ ನಿಯಮ.

ಅಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿ, ಕನ್ನಡಿಯ ಮುಂದೆ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಆ ಹೆಸರುಗಳನ್ನೇ ಪಿಸುಗುಡುತ್ತಿದ್ದ. ಕ್ಲಿಂಟ್, ತಾಯಿ ರುತ್. ಮಾರ್ವಿನ್, ತಾಯಿ... ತಾಯಿ... ಮೆಟ್ಟಿಲ ಕಡೆಯಿಂದ ಮಾರ್ಲಿನ್‌ಳ ಚಪ್ಪಲಿಯ ಸದ್ದು ಬಂದು, ಬಾಗಿಲ ಹೊರಗೆ ನಿಂತಿತು. ಅವಳು ಬಾಗಿಲು ತಟ್ಟಲಿಲ್ಲ, ಕರೆಯಲಿಲ್ಲ. ದಿನವೂ ನಿಂತು ಅಭ್ಯಾಸವಾದವರ ಹಾಗೆ ನಿಂತಿದ್ದಳು.

ರೇಯ ಕೈಯಲ್ಲಿನ ಬ್ಲೇಡು ಕೆನ್ನೆಯ ಮೇಲೇ ನಿಂತಿತು. ಗಡ್ಡ ಹೆರೀತಾ ಹುಡುಗರ ಹೆಸರು ಬಾಯಿಪಾಠ ಮಾಡೋದು... ಫಿಂಚನ ಮಾತು ಈಗ ಇಳಿಯಿತು. ಈ ಕನ್ನಡಿಯ ಮುಂದಿನ ಗುಟ್ಟು ಡೇಲ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಅಳಿಯ ಕಳವಳಪಟ್ಟು ಅತ್ತೆಗೆ ಲೆನ್ನಿಯ ಮಾತು ಹೇಳಿರಬೇಕು. ಫಿಂಚನ ಬಾಗಿಲು ತಟ್ಟಿದವಳು ಅತ್ತೆ. ನಲ್ಲಿಯ ಕೆಳಗೆ ನಿಂತುಹೋದ ತಟ್ಟೆ, ಬಾಗಿಲಲ್ಲಿ ಏರಿದ ಧ್ವನಿ, ಎಲ್ಲವೂ ಒಂದರ ಹಿಂದೊಂದು ಬಂದು ಎದೆಗೆ ಗುದ್ದಿದವು. ಅವಳ ಕಿವಿಗೆ ಏನೂ ಆಗಿರಲಿಲ್ಲ. ಹುಡುಗರ ಹೆಸರು ಒಳಗಿದ್ದ ಅವನಿಗೆ ಕೇಳಲೆಂದು, ಅವನ ಮಾನ ಕಾಯಲು ಅವಳು ಕೂಗುತ್ತಿದ್ದಳು. ಅವನ ಬೆನ್ನ ಹಿಂದೆಯೇ ಅವನನ್ನು ಒಪ್ಪಿಸಿಯೂ ಬಂದಿದ್ದಳು. ಎರಡನ್ನೂ ಮಾಡಿದವಳು ಒಬ್ಬಳೇ ಹೆಣ್ಣು. ಎಷ್ಟೋ ಏಟು ತಿಂದ ಆ ದೊಡ್ಡ ದೇಹ ಬಚ್ಚಲಿನ ಗೋಡೆಗೆ ಒರಗಿ ನಿಂತಿತು... ಅವನಿಗೆ ಅಳು ಬರಲಿಲ್ಲ.

“ರೇ, ಕಾಫಿ ಆರ್ತಾ ಇದೆ,” ಎಂದಳು ಹೊರಗಿನಿಂದ.

“ಬಂದೆ,” ಎಂದ.

ಮಧ್ಯಾಹ್ನ ಮೈದಾನದ ನಡುವೆ ನಿಂತಾಗ, ಗಾಜಿನ ಕೋಣೆಯಲ್ಲಿರಬೇಕಾದ ಡೇಲ್ ಕೆಳಗಿಳಿದು ಬಂದ. ಮಾತಾಡದೆ ಮಾವನ ಬೆನ್ನ ಹಿಂದೆ, ಉಸಿರು ತಾಗುವಷ್ಟು ಹತ್ತಿರ ನಿಂತ. ಅಳಿಯನೇ ಚಾಡಿ ಹೇಳಿ ಮಾವನ ಕುರ್ಚಿ ಹಿಡಿದ ಎಂಬ ಸುದ್ದಿ ಊರಲ್ಲೆಲ್ಲ ಹರಡಿತ್ತು. ಜನರ ಸಾಲಿನಿಂದ ಯಾರೋ ಮುದುಕ ಕೂಗಿದ: “ಏ ಡೇಲ್, ಇನ್ನೊಂದು ಹೆಜ್ಜೆ ಮುಂದೆ ಹೋಗಪ್ಪ, ಮುದುಕನ ಬೂಟಲ್ಲೇ ಕಾಲಿಡು!” ಸುತ್ತಲಿನವರು ನಕ್ಕರು. ಇನ್ನೊಬ್ಬ ಯೂದ ಎಂದ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು. ಡೇಲ್‌ನ ಕತ್ತು ಕೆಂಪಾಯಿತು. ಅವನು ಕದಲಲಿಲ್ಲ.

ಹುಡುಗರು ಬರತೊಡಗಿದರು. “ಕ್ಲಿಂಟ್, ರುತ್” ಎಂದು ಕಿವಿಯ ಹಿಂದೆ ಪಿಸುಮಾತು. ರೇ ಧ್ವನಿವರ್ಧಕಕ್ಕೆ ಗಟ್ಟಿಯಾಗಿ ಹೇಳಿದ. “ಮಾರ್ವಿನ್, ಎಸ್ಟೆಲ್.” ರೇ ಅದನ್ನೂ ಹೇಳಿದ. ಒಂದು ಹೆಸರೂ ತಪ್ಪಲಿಲ್ಲ. ಕೋಟಿಗೆ ಸೇವಂತಿಗೆ ಹೂ ಚುಚ್ಚಿಕೊಂಡ ಎಸ್ಟೆಲ್ ಅವನ ಸೊಟ್ಟ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ತುಂಬಿಕೊಂಡಳು. “ನನ್ನ ಹೆಸರೂ ನೆನಪಿಟ್ಟಿದ್ದೀರಲ್ಲ ಕೋಚ್. ನಮ್ಮ ಹುಡುಗನ್ನ ಮರೀಬೇಡಿ.”

“ಅದ್ಹೇಗೆ ಮರೀತೀನಮ್ಮ,” ಎಂದ ರೇ.

ಬೇಲಿಯ ಆಚೆ ಮಾರ್ಲಿನ್ ನಿಂತಿದ್ದಳು, ಕೋಟಿನ ಕಾಲರನ್ನು ಗಂಟಲಿಗೆ ಒತ್ತಿ ಹಿಡಿದು. ಕೊನೆಯ ಹುಡುಗನೂ ಹೋದ ಮೇಲೆ ಒಂದು ಗಳಿಗೆ ಉಳಿದಿತ್ತು. ತಿರುಗಿ ಡೇಲ್‌ನ ಹೆಗಲ ಮೇಲೆ ಕೈ ಹಾಕಿದ್ದರೆ ಸಾಕಿತ್ತು. ಆ ನಗು ಅಲ್ಲೇ ಅಡಗುತ್ತಿತ್ತು. ಆದರೆ ಇವನಲ್ಲದಿದ್ದರೆ ಮತ್ತಾರು ಎಂದು ಊರು ಕೇಳುತ್ತಿತ್ತು. ಟೆರಿ ಕೇಳುತ್ತಿದ್ದಳು. ಮುಂದೆ ಬಟ್ಟೆಯ ಗುಂಡಿ ಹಾಕಿಕೊಳ್ಳಲೂ ಬಾರದ ದಿನ ಬಂದಾಗ ತನ್ನ ಪಕ್ಕದಲ್ಲಿ ಇರಬೇಕಾದವಳು ಬೇಲಿಯ ಆಚೆ ಇದ್ದಳು. ರೇ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ತಂಡದ ಕಡೆ ನಡೆದ. ಡೇಲ್ ಎರಡು ಹೆಜ್ಜೆ ಹಿಂದೆ ಬಂದ.

ಆ ಪಂದ್ಯವೂ ಗೆದ್ದರು. ಮುಂದಿನ ವಾರದ ಕೃತಜ್ಞತೆಯ ಹಬ್ಬಕ್ಕೆ ಟೆರಿ ಒಬ್ಬಳೇ ಬಂದು, ಕೋಟು ತೆಗೆಯದೆ ಕುಳಿತು ಹೋದಳು. ಮಾರ್ಲಿನ್ ಬಡಿಸಿದ್ದನ್ನು ರೇ ಪೂರ್ತಿ ಉಂಡ.

ಹೇಳಿದವನು ಡೇಲ್ ಅಲ್ಲವೆಂದು ತನಗೆ ಗೊತ್ತಿದೆ ಎಂಬುದನ್ನು ಅವನು ಡೇಲ್‌ಗೂ ಹೇಳಲಿಲ್ಲ, ಮಾರ್ಲಿನ್‌ಗೂ ಹೇಳಲಿಲ್ಲ.