ಹಾಲು ಒಡೆಯುವಷ್ಟು ದೂರ

ನಾನು ಮಹಡಿ ಮೇಲೆ ಕೂದಲು ಒಣಗಿಸಲು ನಿಂತರೆ, ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನಗಳು ಕುಂದಾಣದ ಮೇಲೆ ಇನ್ನೊಂದು ಸುತ್ತು ಹೊಡೆಯುತ್ತವೆ. ನಂಬದವರು ಬಂದು ನೋಡಬಹುದು. ಅಂಥದೊಂದು ವಿಮಾನದಿಂದ ಮೊನ್ನೆ ಇಳಿದ ಮಂಜೇಶ್ ಈಗ ಹೆಣ್ಣು ಕೇಳಲು ಬಂದು, ನಮ್ಮ ಜಗಲಿಯ ಮೇಲೆ ಅಪ್ಪನ ಎದುರು, ಇಂಜೆಕ್ಷನ್‌ಗೆ ಹೆದರಿದ ಮಗುವಿನಂತೆ ಕೂತಿದ್ದ. ಲಂಡನ್ ಆಸ್ಪತ್ರೆಯಲ್ಲಿ ತಾನೇ ಇಂಜೆಕ್ಷನ್ ಚುಚ್ಚುವ ನರ್ಸ್ ಅವನು!

“ಎಷ್ಟು ದೂರಪ್ಪ ನಿಮ್ಮ ಲಂಡನ್ನು?”

“ಎಂಟು ಸಾವಿರ ಕಿಲೋಮೀಟರ್ ಮಾವ. ವಿಮಾನ ಹತ್ತಿದ್ರೆ ಹತ್ತೂವರೆ ಗಂಟೆ.”

“ಕಿಲೋಮೀಟರು ಕಟ್ಕೊಂಡು ನಂಗೇನು? ನಾನು ಕೈಲಿ ಹಿಡ್ಕೊಂಡು ಹೊರಟಿದ್ದು ಕೆಡೋದ್ರೊಳಗೆ ಮಗಳ ಮನೆ ಸಿಗ್ಬೇಕು. ಇಲ್ಲ ಅಂದ್ರೆ ಹೆಣ್ಣು ಕೊಡಲ್ಲ.”

ಈ ಕಾನೂನು ಹುಟ್ಟಿದ್ದು ತ್ಯಾಮಗೊಂಡ್ಲಿನಲ್ಲಿ. ಅಕ್ಕ ಪ್ರಿಯಾಂಕಳನ್ನು ಅಲ್ಲಿಗೆ ಕೊಟ್ಟ ಹೊಸತರಲ್ಲಿ ಅಪ್ಪ ಕ್ಯಾನ್ ತುಂಬ ಹಾಲು ಹಿಡಿದು, ನನ್ನನ್ನೂ ಎಳೆದುಕೊಂಡು, ಬಸ್ಸಿನಿಂದ ಬಸ್ಸಿಗೆ ಹಾರಿ ಸುಡುಬಿಸಿಲಲ್ಲಿ ತಲುಪುವಷ್ಟರಲ್ಲಿ ಹಾಲು ಒಡೆದಿತ್ತು. ಅಕ್ಕನ ಪಕ್ಕದ ಮನೆಯ ಮಂಜೇಶ್ ಕ್ಯಾನಿನೊಳಗೆ ಇಣುಕಿ, “ಓಹೋ, ಪನೀರ್ ತಂದಿದ್ದೀರಾ ಮಾವ?” ಅಂದ. ನಾನು ನಕ್ಕ ನಗು ತುಮಕೂರಿನವರೆಗೂ ಕೇಳಿಸಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಷ್ಟೇ. ಆಮೇಲೆ ಅವನು ಲಂಡನ್ನಿಗೆ ಹೋದರೂ ಮಾತಾಡಿ ಮಾತಾಡಿ ನಮ್ಮ ಫೋನುಗಳು, ಮೇಲೆ ದೋಸೆ ಹುಯ್ಯಬಹುದಾದಷ್ಟು ಬಿಸಿ.

ಅವತ್ತು ಪನೀರ್ ಅಂದ ಬಾಯಿ ಈಗ ಹೊಲಿದಂತೆ ಮುಚ್ಚಿತ್ತು. ಬಾಗಿಲ ಸಂದಿಯಿಂದ ಕಣ್ಣಲ್ಲೇ ಬೈದೆ. ಅವನು ಒಮ್ಮೆ ನೋಡಿ, ಕಿವಿಯವರೆಗೂ ಕೆಂಪಾಗಿ, ಮತ್ತೆ ಕಾಫಿ ಲೋಟದಲ್ಲಿ ಮುಳುಗಿದ.

ಇವನನ್ನು ನಂಬಿ ಕೂತರೆ ಮುದುಕಿಯಾಗುತ್ತೇನೆ ಎಂದುಕೊಂಡು ಹಿತ್ತಲಿಗೆ ಓಡಿದೆ. ಆನೆಮರಿಯ ತಲೆಯಷ್ಟು ದೊಡ್ಡ ಚಕ್ಕೋತ ಕಿತ್ತು ತಂದು ಅಪ್ಪನ ಮಡಿಲಲ್ಲಿಟ್ಟೆ.

“ಅಪ್ಪ, ಇದು ಎಷ್ಟು ದಿನಕ್ಕೆ ಕೆಡುತ್ತೆ?”

ಅಡುಗೆಮನೆಯಿಂದ ಅಮ್ಮ ಕೂಗಿದಳು: “ತಿಂಗಳಿಟ್ರೂ ಏನೂ ಆಗಲ್ಲ. ಇಟ್ಟಷ್ಟೂ ಸಿಹಿ!”

“ಕೇಳಿಸ್ತಾ? ತಿಂಗಳಲ್ಲಿ ಲಂಡನ್ ಏನು, ಚಂದ್ರನ ಮೇಲೇ ಹೋಗಿ ಬರ್ಬೋದು.”

“ನಾನಂದಿದ್ದು ಹಾಲಿಗೆ ಕಣೇ ರಂಜೀ!”

“ಕೈಲಿ ಹಿಡ್ಕೊಂಡಿದ್ದು ಅಂದೆ, ಹಾಲು ಅನ್ಲಿಲ್ಲ. ಒಪ್ಪಿದ್ರೆ ನೀನು ಈ ಹಣ್ಣು ಹಿಡ್ಕೊಂಡು ನನ್ನ ನೋಡೋಕೆ ಬಾ. ಒಪ್ಪದಿದ್ರೆ ನಾನೇ ಹಿಡ್ಕೊಂಡು ಹೋಗ್ತೀನಿ. ಹೋಗೋದಂತೂ ಗ್ಯಾರಂಟಿ.”

ನೆತ್ತಿಯ ಮೇಲೊಂದು ವಿಮಾನ ಹಾದುಹೋಯಿತು. ಅದರ ಸದ್ದು ಅಡಗುವವರೆಗೂ ಅಪ್ಪ ಹಣ್ಣನ್ನು ಅಂಗೈಯಲ್ಲಿ ತೂಗಿ ನೋಡಿದ. ಆಮೇಲೆ ಕೆಳಗಿಟ್ಟ.

“ಇದು ಬೇಡ.”

ನಾನೇ ಹೊತ್ತು ಹೊರಡೋಣವೆಂದು ಹಣ್ಣಿಗೆ ಕೈ ಹಾಕಿದೆ. ಅಪ್ಪ ತಡೆದ.

“ಇನ್ನೂ ಬಲಿತಿಲ್ಲ ಇದು. ಬಾವಿ ಕಡೆ ಕೊಂಬೇಲಿದೆ ನೋಡು, ಅದನ್ನ ಕೀಳು. ಹುಳಿ ಹಣ್ಣು ಹೊತ್ಕೊಂಡು ಅಷ್ಟು ದೂರ ಹೋದ್ರೆ ಕುಂದಾಣದ ಮಾನ ಏನಾಗ್ಬೇಕು? ಲೇ ಪನೀರು, ಏಣಿ ಹಿಡಿ ಹೋಗು!”

ನಾನು ಏಣಿ ಹತ್ತಿದೆ. ಕೆಳಗೆ ಮಂಜೇಶ್. ಏಣಿ ಗಡಗಡ ನಡುಗುತ್ತಿತ್ತು.

“ಗಟ್ಟಿಯಾಗಿ ಹಿಡ್ಕೋ ಕಣೋ!”

“ಏಣಿ ಗಟ್ಟಿಯಾಗೇ ಇದೆ ಕಣೇ. ನಡುಗ್ತಿರೋದು ನಾನು.”

ಲಂಡನ್ನಿಗೆ ಹತ್ತೂವರೆ ಗಂಟೆಯಂತೆ. ಆ ಏಣಿಯಿಂದ ಇಳಿಯಲು ನಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಬೇಕೆಂದೇ.