ಹೆಸರು ಹೇಳದ ಕಾಮೆಂಟರಿ

“ಎಲ್ಲಾರ ಹೆಸರೂ ಹೇಳ್ತೀರಿ. ನನ್ನ ಪಾಳಿ ಬಂದಕೂಡ್ಲೆ ಬರೇ ‘ಏಳನೇ ನಂಬರ್’ ಅಂತೀರಿ. ತಡವಳದ ರೈತನ ಮಗನ ಹೆಸರು ನಿಮ್ಮ ಬಾಯಿಗಿ ಹೊಲಸೇನ್ರಿ?”

ಅಕ್ಕಲಕೋಟೆಯ ಕಬಡ್ಡಿ ಮೈದಾನ. ಫೈನಲ್‌ಗೆ ಇನ್ನು ಹತ್ತೇ ನಿಮಿಷ. ಆಟಗಾರ ಕೈಲಾಸ ಕಾಮೆಂಟರಿ ಮೇಜಿನೆದುರು ನಿಂತು ಹೀಗೆ ಕೇಳಿಬಿಟ್ಟ.

ಕಾಮೆಂಟರಿ ಹೇಳಲು ಕೂತಿದ್ದ ಪ್ರಾಜಕ್ತಾ ತಲೆ ತಗ್ಗಿಸಿದಳು. ಸೊಲ್ಲಾಪುರದ ಲೋಕಲ್ ಟೀವಿ, ರೇಡಿಯೋ ಎರಡರಲ್ಲೂ ಅರಳು ಹುರಿದಂತೆ ಮಾತಾಡುವ ಹುಡುಗಿ! ಈಗ ನೋಡಿ, ಬಾಯಿಗೆ ಬೀಗ.

ಹೇಳುವುದಾದರೂ ಹೇಗೆ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರ ನಡುವೆ ಬೆಳೆದವಳು. ಮನಸ್ಸು ಇವನೇ ನನ್ನವನು ಎಂದ ದಿನದಿಂದ ಆ ಹೆಸರು ಗಂಟಲಲ್ಲೇ ನಿಲ್ಲುತ್ತಿತ್ತು... ವಿಜಾಪುರ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೂತ ಅಪ್ಪನಿಗೆ ಸುಳಿವು ಸಿಕ್ಕರೆ ಮೈಕೂ ಇಲ್ಲ, ಮೈದಾನವೂ ಇಲ್ಲ.

“ಆತು ಬಿಡ್ರಿ. ತಿಳೀತು,” ಎಂದು ಅವನು ಹೊರಟೇಹೋದ.

ಎರಡನೇ ಅರ್ಧದಲ್ಲಿ ಅವನು ರೇಡ್‌ಗೆ ಹೋದ. ಐವರು ಒಮ್ಮೆಲೇ ಮೇಲೆ ಬಿದ್ದರು. ಆಮೇಲೆ ಎಲ್ಲರೂ ಎದ್ದರು. ಕೈಲಾಸ ಏಳಲಿಲ್ಲ.

ಪ್ರಾಜಕ್ತಾ ಎದ್ದು ನಿಂತು ಮನಸ್ಸಿನಲ್ಲೇ ಬೇಡಿಕೊಂಡಳು. ‘ನಿಮ್ಮ ಕಾಲಿಗಿ ಬೀಳ್ತೀನಿ, ಏಳ್ರಿ... ಏಳ್ರಿ...’

ಕಿವಿಯ ಇಯರ್‌ಫೋನಿನಲ್ಲಿ ಸ್ಟುಡಿಯೋದಿಂದ ಸಹೋದ್ಯೋಗಿ ರೂಪಾಲಿಯ ದನಿ. “ಪ್ರಾಜಕ್ತಾ, ಗಪ್ಪ ಆಗಬ್ಯಾಡ. ತಡವಳದಾಗ ರೇಡಿಯೋ ಕೇಳಾಕತ್ತಿದ್ದ ಗುರುಬಾಯಿ ಅನ್ನೋರು ಫೋನ್ ಮಾಡ್ಯಾರ. ಬಿದ್ದಾಂವ ನನ್ನ ಮಗನೇನು ಅಂತ ಅಳಾಕತ್ತಾರ. ನಂಬರ್ ಅವ್ರಿಗಿ ತಿಳ್ಯಂಗಿಲ್ಲ. ಹೆಸರು ಹೇಳು.”

ಮೈಕ್ ಹಿಡಿದೇ ಅವಳು ಓಡಿದಳು. ಅವನ ಪಕ್ಕ ಮಂಡಿಯೂರಿ ಮೂಗಿನ ಬಳಿ ಬೆರಳಿಟ್ಟಳು. ಏನೂ ತಿಳಿಯಲಿಲ್ಲ. ಮತ್ತೆ ಇಟ್ಟಳು... ಬಿಸಿಯುಸಿರು ತಾಗಿತು!

“ಗುರುಬಾಯಿಯವರ, ಬಿದ್ದಾವ್ರು ನಿಮ್ಮ ಮಗ... ಕೈಲಾಸ.” ಇನ್ನೊಂದು ಕೈಯಿಂದ ಅವನ ಕೈ ಹಿಡಿದಳು. “ಉಸಿರಾಡಾಕತ್ತಾರ. ಡಾಕ್ಟರ್ ಬರಾಕತ್ತಾರ. ಅಂಜಬ್ಯಾಡ್ರಿ. ನಾ ಇಲ್ಲೇ ಅದೀನಿ. ಅವ್ರ ಕೈ ಹಿಡ್ಕೊಂಡೀನಿ.”

ಜಿಲ್ಲೆಗೆ ಜಿಲ್ಲೆಯೇ ಅದನ್ನು ಕೇಳಿತು.

ಮರುದಿನ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅವನು ಕಣ್ಣುಬಿಟ್ಟು ತಾಯಿಯಿಂದ ಎಲ್ಲ ಕೇಳಿ ತಿಳಿದ ಮೇಲೆ ಅವಳು ಹೆದರುತ್ತಲೇ ಒಳಗೆ ಬಂದಳು.

“ಕಡೀಕ ನನ್ನ ಹೆಸರು ಹೇಳಿದ್ರಂತ,” ಎಂದ ಅವನು ಮೆಲ್ಲಗೆ. “ಅದಕ್ಕ ನಾ ಸಾಯಾಕ ಬೀಳಬೇಕಾತೇನು?”

ಅವಳಿಗೆ ಅಳು ತಡೆಯಲಾಗಲಿಲ್ಲ. “ನಮ್ಮವ್ವ ಅಪ್ಪನ ಹೆಸರು ಎಂದೂ ಹೇಳಿಲ್ರಿ. ನಿಮ್ಮ ಹೆಸರೂ ನಂಗ... ಹಂಗ ಆಗಿತ್ತು.”

ಹುಚ್ಚು ಹುಡುಗ ಕೈಲಾಸನಿಗೆ ಆಗ ತಿಳಿಯಿತು.

“ಒಂದ್ ಮಾತು ಹೇಳಬಾರದಿತ್ತೇನು?”

“ಅಂಜಿಕಿ.”

“ಈಗ?”

“ಈಗೂ ಅದ. ಅಪ್ಪ ರೇಡಿಯೋ ಕೇಳ್ಯಾರ. ನಿನ್ನೆಯಿಂದ ನನ್ನ ಜೋಡಿ ಮಾತಾಡವಲ್ರು.”

“ನಾ ಬಂದು ಮಾತಾಡ್ತೀನಿ,” ಎಂದು ಅವನು ಏಳಹೊರಟ. ಅವಳು ಭುಜ ಒತ್ತಿ ಮಲಗಿಸಿ ಅವನ ಕೈ ಹಿಡಿದಳು.

“ಮೊದಲ ನೆಟ್ಟಗ ನಿಂದ್ರಾಕ ಬರ್ಲಿ. ಆಮ್ಯಾಲ ಇಬ್ರೂ ಕೂಡಿ ಹೋಗೂಣು.”

“ಖರೇ ಹೇಳ್ಲೇನು? ನಂಗೂ ಅಂಜಿಕಿ ಆಗಾಕತ್ತದ.”

“ಆಗ್ಲಿ,” ಎಂದಳು ಪ್ರಾಜಕ್ತಾ, ಅವನ ಕೈ ಬಿಡದೆ.