ಹಿಂದಿನ ಕಿಟಕಿ

ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ, ಆದದ್ದನ್ನು ಹೇಳುತ್ತೇನೆ. ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ಬಂತೆಂದರೆ ನಮಗೆ ಜಿಂಕೆ ಬೇಟೆ. ಆ ವರ್ಷ ಒಳಗೆ ಅಡಗಿ ಕೂರಲು ಮಡಚುವ ಗುಡಾರವೊಂದನ್ನು ಕೊಂಡೆ. ಆರಿಸಿಕೊಟ್ಟವನು ಅಕ್ಕನ ಗಂಡ ವೆರ್ಲಿನ್.

"ಒಳಗೆಲ್ಲ ಕಪ್ಪಗಿರೋದೇ ತಗೋ. ಹಿಂದಿನ ಕಿಟಕಿ ಮಾತ್ರ ತೆಗೀಬೇಡ ಮಾರಾಯ. ಬೆನ್ನ ಹಿಂದಿಂದ ಬೆಳಕು ಬಂದ್ರೆ ನಿನ್ನ ಬುರುಡೆ ಜಿಂಕೆಗೆ ಹಂಡೆ ಥರ ಕಾಣತ್ತೆ" ಎಂದು ನಕ್ಕಿದ್ದ.

ಜಿಂಕೆಗಳಿಗೆ ರೂಢಿಯಾಗಲೆಂದು ವಾರ ಮೊದಲೇ ಅದನ್ನು ಹೊಲದಂಚಿನಲ್ಲಿ ನಿಲ್ಲಿಸಿ, ಕಿಟಕಿಗಳ ಜಿಪ್ಪುಗಳನ್ನೆಲ್ಲ ಎಳೆದು ಮುಚ್ಚಿ ಬಂದಿದ್ದೆ.

ಬೇಟೆಯ ದಿನ ನಸುಕಿನಲ್ಲಿ ಒಳಹೊಕ್ಕೆ. ಚಾವಣಿಯ ಒಳಮೈಗೆ ಹಿಮ ಕಟ್ಟಿತ್ತು. ಯಾರಾದರೂ ಗಂಟೆಗಟ್ಟಲೆ ಒಳಗೆ ಕೂತು ಉಸಿರಾಡಿದರೆ ಹಾಗೆ ಕಟ್ಟುತ್ತದೆ. ಹಿಂದಿನ ಕಿಟಕಿ ಮುಚ್ಚಿದೆಯೆಂದು ಕೈಯಾಡಿಸಿ ನೋಡಿ, ಮುಂದಿನದನ್ನು ತೆರೆದು, ವಾರದ ಹಿಂದೆಯೇ ಒಳಗಿಟ್ಟಿದ್ದ ಸ್ಟೂಲಿನ ಮೇಲೆ ಕೂತೆ. ಸ್ಟೂಲು ಬೆಚ್ಚಗಿತ್ತು.

ಬೆಳಕು ಹರಿದಾಗ ಜಿಂಕೆಯೊಂದು ಬಂತು. ಅದು ನೋಡಿದ್ದು ನನ್ನನ್ನಲ್ಲ, ನನ್ನ ಎಡಭುಜದ ಪಕ್ಕಕ್ಕೆ. ನೆಲ ಒದ್ದು ಓಡಿತು. ನನ್ನ ಕತ್ತಿಗೆ ತಣ್ಣನೆ ಗಾಳಿ ಸೋಕಿತು. ತಿರುಗಿದೆ. ಹಿಂದಿನ ಕಿಟಕಿ ಪೂರ್ತಿ ತೆರೆದಿತ್ತು.

ಎದುರಿನ ದಿಬ್ಬದ ಮೇಲೆ ಬೇಟೆಗೆ ಕೂತಿದ್ದ ಭಾವ ಬೈಯುತ್ತಲೇ ಇಳಿದು ಬಂದ. "ಕಿಟಕಿ ತೆಗೀಬೇಡ ಅಂತ ಬಡ್ಕೊಂಡಿದ್ದೆ! ಇಬ್ರೂ ತೊಗಲುಗೊಂಬೆಗಳ ಥರ ಕಾಣ್ತಿದ್ರಿ. ಎಲ್ಲಿ ಹೋದ ಅವನು?"

"ಯಾವನು? ನಾನೊಬ್ನೇ ಇದ್ದೆ."

ಭಾವನ ಮುಖ ಬಿಳಿಚಿಕೊಂಡಿತು. "ನಿನ್ನ ಎಡಕ್ಕೆ ಕೂತಿದ್ನಲ್ಲೋ. ನಿನಗಿಂತ ಒಂದು ಗೇಣು ಎತ್ತರ."

ಎಲ್ಲವನ್ನೂ ಹಾಗೆಯೇ ಬಿಟ್ಟು ಓಡಿಬಂದೆವು. ಮರುದಿನ ಹಿಂಬದಿಯ ರಸ್ತೆಯಿಂದಲೇ ನೋಡಿದೆವು, ಹತ್ತಿರ ಹೋಗಲಿಲ್ಲ. ಆ ಗುಡಾರದ ಕಿಟಕಿಗಳ ಜಿಪ್ಪು ಇರುವುದು ಒಳಗೆ ಮಾತ್ರ. ಹಿಂದಿನ ಕಿಟಕಿ ಮುಚ್ಚಿತ್ತು.